ಬೀರು ಹತ್ತದ ಗುಡುಗತ್ತೆ

ಟೈಲರಮ್ಮನಿಗೆ ಸಿಟ್ಟು ಬರುವುದಕ್ಕೆ ಕಾರಣವೇ ಬೇಕಿಲ್ಲ ಎಂದು ಆ ಬೀದಿಯವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಕಾರಣ ಬೇಕಿತ್ತು, ಕಾರಣ ಇತ್ತು ಕೂಡ. ಅದು ವಾರಕ್ಕೊಮ್ಮೆ ಬಣ್ಣಬಣ್ಣವಾಗಿ ಅಚ್ಚಾಗಿ ಅಂಗಡಿ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು.

ಮಕ್ಕಳ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಬರುತ್ತಿದ್ದ ‘ಹಾರುವ ಬೀರು’ ಕಾಮಿಕ್ಸು ಅದು. ಒಬ್ಬ ಹುಡುಗ, ಅವನ ಪುಟ್ಟ ತಂಗಿ, ಒಂದು ಕುಂಟ ಮೇಕೆ. ಮೂವರೂ ಹಳೆಯ ಮರದ ಬೀರುವಿನೊಳಗೆ ನುಗ್ಗಿ ಬಾಗಿಲು ಎಳೆದುಕೊಂಡರೆ ಸಾಕು, ಬೀರು ಸೂರು ಹಾರಿಸಿಕೊಂಡು ಮೇಲೇಳುತ್ತಿತ್ತು. ಹಿಮದ ಬೆಟ್ಟ, ಕಳ್ಳರ ದ್ವೀಪ, ತಿಮಿಂಗಿಲದ ಹೊಟ್ಟೆ, ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಆ ಮಕ್ಕಳಿಗೊಬ್ಬಳು ಅತ್ತೆ. ಗುಡುಗತ್ತೆ. ಪೀಪಾಯಿಯಂಥ ಮೈ, ಕುತ್ತಿಗೆಯಲ್ಲಿ ಅಳತೆಪಟ್ಟಿ, ಎಡಗೈಯಲ್ಲಿ ಮೊಳದುದ್ದ ಕತ್ತರಿ, ಬಾಯಿ ತೆರೆದರೆ ಗುಡುಗು. ಪ್ರತಿ ಕತೆಯ ಕೊನೆಯ ಚೌಕದಲ್ಲೂ ಒಂದೇ ಚಿತ್ರ: ಬೀರು ಮೋಡದ ಕಡೆ ಹಾರಿರುತ್ತದೆ, ಗುಡುಗತ್ತೆ ನೆಲದ ಮೇಲೆ ನಿಂತು ಮುಷ್ಟಿ ಝಾಡಿಸುತ್ತ ‘ಇಳೀರೋ ಕೆಳಗೆ’ ಎಂದು ಅರಚುತ್ತಿರುತ್ತಾಳೆ. ಅಲ್ಲಿಗೆ ಕತೆ ಮುಗಿಯುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತವೆ.

ಆ ಗುಡುಗತ್ತೆ ಯಾರೆಂದು ಬೀದಿಗೆ ಬೀದಿಯೇ ಬಲ್ಲದು. ಕಾಮಿಕ್ಸ್ ಬರೆಯುತ್ತಿದ್ದವನು ಟೈಲರಮ್ಮನ ಒಡಹುಟ್ಟಿದ ತಮ್ಮ.

ಅವರ ಅಪ್ಪ ಬಡಗಿ. ಇದ್ದಷ್ಟು ದಿನ ಊರವರ ಮನೆಗೆಲ್ಲ ಮಂಚ ಮೇಜು ಮಾಡಿಕೊಟ್ಟು, ತನ್ನ ಮನೆಗೆಂದು ಒಂದೇ ಒಂದು ಬೀರು ಮಾಡಿದ. ಎರಡು ಬಾಗಿಲಿನದು, ಒಂದು ಬಾಗಿಲಿನ ಒಳಮೈಗೆ ಉದ್ದನೆಯ ಕನ್ನಡಿ. ಅಪ್ಪ ಅಮ್ಮ ಇಬ್ಬರನ್ನೂ ಒಂದೇ ವರ್ಷ ಕಾಯಿಲೆ ಹೊತ್ತುಕೊಂಡು ಹೋದಾಗ ಉಳಿದದ್ದು ಆ ಬೀರು, ಅಪ್ಪನ ಅಂಗಡಿ, ಅದರ ಹಿಂದಿನ ಒಂದು ಕೋಣೆ, ಮೂಗು ಒರೆಸಿಕೊಳ್ಳಲೂ ಬಾರದ ತಮ್ಮ. ಅಕ್ಕ ಶಾಲೆ ಬಿಟ್ಟಳು. ಯೂನಿಫಾರ್ಮ್ ಹೊಲಿಯುವವರ ಹತ್ತಿರ ಗುಂಡಿಗಳಿಗೆ ಕಾಜಾ ಹಾಕುವುದರಿಂದ ಶುರುಮಾಡಿ, ಕೊನೆಗೆ ಒಂದು ಹಳೆ ಮಷೀನು ತಂದು ಕೋಣೆಯಲ್ಲೇ ಇಟ್ಟುಕೊಂಡಳು. ಹೊಟ್ಟೆಬಟ್ಟೆ ಕಟ್ಟಿ ತಮ್ಮನನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ ‘ಅವನೊಂದು ದಡ ಸೇರಲಿ’ ಎಂದಳು. ಅವನು ದಡ ಸೇರುವ ಹೊತ್ತಿಗೆ ಮಾತು ತರುವವರೇ ನಿಂತುಹೋಗಿದ್ದರು.

ಬೈಯುತ್ತಿದ್ದಳು, ಇಲ್ಲ ಎನ್ನುವುದಿಲ್ಲ. ಎದುರಿಗೆ ಹೊಲಿಗೆಯ ರಾಶಿ, ಪಕ್ಕದಲ್ಲಿ ಉಕ್ಕುವ ಪಾತ್ರೆ, ಪಾಠದ ಪುಸ್ತಕದ ಅಂಚಿನಲ್ಲೆಲ್ಲ ಮೇಕೆ ಬರೆದಿಟ್ಟ ತಮ್ಮ. ಯಾರು ತಾನೇ ಮುದ್ದುಗರೆಯುತ್ತಾರೆ? ಅವಳ ದನಿ ಏರಿತೆಂದರೆ ಅವನು ಬೀರುವಿನೊಳಗೆ ಮಾಯ. ಬಟ್ಟೆಗಳ ಹಿಂದೆ ಕೂತು ತಾಸುಗಟ್ಟಲೆ ಏನೋ ಗೀಚುತ್ತಿದ್ದ. ಹಾಳಾಗಿ ಹೋಗಲಿ, ಕಣ್ಣೆದುರಿಗಾದರೂ ಇದ್ದಾನಲ್ಲ ಎಂದು ಅವಳು ಮಷೀನು ತುಳಿಯುತ್ತಿದ್ದಳು.

ಅವನು ಪತ್ರಿಕೆ ಸೇರಿ, ಮೊದಲ ‘ಹಾರುವ ಬೀರು’ ಅಚ್ಚಾದಾಗ ಓಡಿಬಂದು ಅವಳ ಕೈಗಿಟ್ಟ. ಅವಳು ಕೊನೆಯ ಚೌಕದವರೆಗೂ ಓದಿದಳು. ತನ್ನ ಕತ್ತರಿ ಕಂಡಿತು, ತನ್ನ ಅಳತೆಪಟ್ಟಿ ಕಂಡಿತು, ನೆಲದ ಮೇಲೆ ಬಾಯಿ ಬಡಿದುಕೊಳ್ಳುತ್ತಿರುವ ತನ್ನನ್ನೇ ಕಂಡಳು. ‘ಚೆನ್ನಾಗಿದೆ’ ಎಂದು ಪತ್ರಿಕೆ ಮಡಿಸಿಟ್ಟು ಇಸ್ತ್ರಿಗೆ ಎದ್ದಳು. ಆ ಪುಣ್ಯಾತ್ಮ ಅದನ್ನು ನಿಜವೆಂದೇ ನಂಬಿದ.

ಅಲ್ಲಿಂದಾಚೆಗೆ ಅವಳಿಗೆ ಸ್ವಂತ ಹೆಸರಿರಲಿಲ್ಲ. ಶಾಲೆ ಬಿಟ್ಟ ಮಕ್ಕಳು ಅಂಗಡಿಯೊಳಗೆ ಇಣುಕಿ ‘ಗುಡುಗತ್ತೇ, ಬೀರು ಹೋಯ್ತು’ ಎಂದು ಕೂಗಿ ಪರಾರಿಯಾಗುತ್ತಿದ್ದವು. ಪ್ಯಾಂಟು ಮೊಟಕು ಮಾಡಿಸಲು ಬಂದ ದೊಡ್ಡವರು, ನಾಚಿಕೆಗೆಟ್ಟವರು, ‘ಒಂದ್ಸಲ ಎಡಗೈಲಿ ಕತ್ತರಿ ಹಿಡ್ಕೊಳ್ಳಿ, ಫೋಟೊ ತೆಗೀತೀವಿ’ ಎಂದು ಹಲ್ಲು ಕಿರಿಯುತ್ತಿದ್ದರು. ಎಡಗೈ. ಅದೇ ಅವಳ ಹೊಟ್ಟೆ ಉರಿಸುತ್ತಿದ್ದದ್ದು. ಅವಳು ಹುಟ್ಟಾ ಬಲಗೈಯವಳು. ಕಡ್ಡಿಯಂತಿದ್ದವಳನ್ನು ಪೀಪಾಯಿ ಮಾಡಿದ್ದು ಹೋಗಲಿ, ನಗಿಸುವುದಕ್ಕೆ ಏನೋ ಒಂದು ಬೇಕು. ಆದರೆ ಯಾವ ಕೈ ತನಗೆ ತುತ್ತಿಟ್ಟಿತು ಎಂಬುದೂ ಈ ಗಂಡಸಿಗೆ ಗೊತ್ತಿಲ್ಲವೇ?

ಅದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ. ಪ್ರತಿ ವಾರ ಪತ್ರಿಕೆ ಬಂದ ಕೂಡಲೇ ಕತ್ತರಿ ಕೆಳಗಿಟ್ಟು ಮೊದಲು ಕೊನೆಯ ಚೌಕವನ್ನೇ ನೋಡುತ್ತಿದ್ದಳು. ಈ ವಾರವಾದರೂ ಹತ್ತಿಸಿಕೊಂಡಾನೇ? ಒಂದೇ ಒಂದು ಸಲ, ಆ ಮೇಕೆಯನ್ನು ಪಕ್ಕಕ್ಕೆ ಸರಿಸಿ, ಅತ್ತೆಗೊಂದಿಷ್ಟು ಜಾಗ? ಮೇಕೆಗೆ ಜಾಗವಿತ್ತು. ದಾರಿಯಲ್ಲಿ ಸಿಕ್ಕ ಪೆಂಗ್ವಿನ್ನಿಗೂ ಜಾಗವಿತ್ತು. ಅತ್ತೆಗೆ ಮಾತ್ರ ವರ್ಷಗಟ್ಟಲೆ ನೆಲವೇ ಗತಿಯಾಯಿತು. ಕೇಳಬಹುದಿತ್ತು ಎನ್ನುತ್ತೀರಿ. ಕೇಳಿ ಪಡೆಯುವ ಜಾಯಮಾನ ಅವಳದಲ್ಲ. ನುಂಗಿಕೊಂಡಳು, ನುಂಗಿದ್ದನ್ನೆಲ್ಲ ಗಿರಾಕಿಗಳ ಮೇಲೆ ಕಾರಿದಳು.

ಹೀಗಿರುವಾಗ ‘ಹಾರುವ ಬೀರು’ ಸಿನಿಮಾ ಆಗುತ್ತದೆಂಬ ಸುದ್ದಿ ಬಂತು. ಸಣ್ಣಪುಟ್ಟದ್ದಲ್ಲ, ಮನೆಮಂದಿಯೆಲ್ಲ ಕೂತು ನೋಡುವಂಥ ಭಾರಿ ಆನಿಮೇಷನ್ ಸಿನಿಮಾ. ಪತ್ರಿಕೆ ನಿಂತು ಎಷ್ಟೋ ಕಾಲವಾಗಿತ್ತು, ಹಳೆಯ ಕತೆಗಳು ಮಾತ್ರ ಪುಸ್ತಕವಾಗಿ ಇನ್ನೂ ಮಕ್ಕಳ ಕೈಯಲ್ಲಿದ್ದವು. ತಮ್ಮನೂ ಮುದುಕನಾಗಿ ಮಂಡಿ ಹಿಡಿದುಕೊಂಡು ಓಡಾಡುತ್ತಿದ್ದ. ಒಂದು ಬೆಳಿಗ್ಗೆ ಸಿನಿಮಾದ ನಿರ್ದೇಶಕಿ ಅಂಗಡಿಗೆ ಬಂದಳು. ಕಿರಿಯ ವಯಸ್ಸು, ನಯವಾದ ಮಾತು.

‘ಅಮ್ಮಾ, ಆ ಬೀರು ಇನ್ನೂ ನಿಮ್ಮ ಹತ್ರಾನೇ ಇದೆಯಂತೆ. ಮೊದಲ ದಿನ ಥಿಯೇಟರ್ ಬಾಗಿಲಲ್ಲಿ ಇಡೋಣ ಅಂತ ಆಸೆ. ಮಕ್ಕಳು ಮುಟ್ಟಿ ನೋಡ್ತಾರೆ. ಜೋಪಾನವಾಗಿ ವಾಪಸ್ ತಂದುಕೊಡ್ತೀವಿ.’

ಟೈಲರಮ್ಮ ಬಾಬಿನ್ನಿಗೆ ದಾರ ಸುತ್ತುತ್ತಿದ್ದವಳು ತಲೆ ಎತ್ತಲಿಲ್ಲ. ಆದರೆ ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಗುರುತು ಪರಿಚಯವಿಲ್ಲದ ಆ ಹುಡುಗಿಯ ಎದುರಿಗೆ ಹೊರಬಿತ್ತು. ‘ಕೊಡ್ತೀನಿ. ಸಿನಿಮಾದಲ್ಲಿ ಅವಳನ್ನ ಬೀರು ಹತ್ತಿಸಿ, ಕೊಡ್ತೀನಿ.’

‘ಯಾರನ್ನ?’

‘ಇನ್ಯಾರನ್ನ, ಮೇಕೇನಾ? ಅತ್ತೇನ. ಒಂದೇ ಒಂದ್ಸಲ. ಕೊನೇಲಾದ್ರೂ ಪರವಾಗಿಲ್ಲ.’

ನಿರ್ದೇಶಕಿಯ ಮುಖ ಅರಳಿತು, ಹಾಗೆಯೇ ಬಾಡಿತು. ‘ನಾವೂ ಹಾಗೇ ಬರ್ಕೊಂಡಿದ್ವಿ ಅಮ್ಮಾ. ಕೊನೇಲಿ ಅತ್ತೇನೂ ಹಾರ್ತಾಳೆ ಅಂತ. ನಿಮ್ಮ ತಮ್ಮನವರ ಒಪ್ಪಿಗೆ ಇಲ್ದೆ ನಾವು ಒಂದು ಗೆರೆ ಅಲ್ಲಾಡಿಸೋ ಹಾಗಿಲ್ಲ. ಅವರೇ ಬೇಡ ಅಂದ್ರು.’

ಬಾಬಿನ್ನು ಕೈಜಾರಿ ಉರುಳಿಕೊಂಡು ಹೋಯಿತು. ಹತ್ತಿಸಿಕೊಳ್ಳಲು ಅವನಿಗೆ ತೋಚಲಿಲ್ಲವೇನೋ, ಮರೆತನೇನೋ, ಮಂಕುದಿಣ್ಣೆ, ಎಂದು ಇಷ್ಟು ಕಾಲ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳಲ್ಲ, ಆ ಸಮಾಧಾನವೂ ಅದರ ಜೊತೆಗೇ ಉರುಳಿತು. ತೋಚಿಸಿದವರಿದ್ದರು. ಅವನು ಬೇಡ ಎಂದಿದ್ದ.

ಅವಳ ಮೈಯೆಲ್ಲ ಉರಿದುಹೋಯಿತು. ನಿರ್ದೇಶಕಿಯನ್ನು ಹೊರಗೆ ಕಳಿಸಿ, ಅರ್ಧ ಹೊಲಿದ ಕೋಟನ್ನು ಮಷೀನಿನ ಮೇಲೇ ಬಿಟ್ಟು, ಬಾಗಿಲಿಗೆ ಬೀಗ ಜಡಿದು ಬಸ್ಸು ಹತ್ತಿದಳು. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ಒಂದು ಮಗು ತಾಯಿಯ ಕಿವಿಯಲ್ಲಿ ಏನೋ ಉಸುರಿ ಕಿಸಕ್ಕೆಂದಿತು. ಟೈಲರಮ್ಮ ನೋಡಿದ ನೋಟಕ್ಕೆ ಮಗುವಷ್ಟೇ ಅಲ್ಲ, ತಾಯಿಯೂ ಕಿಟಕಿಯ ಕಡೆ ತಿರುಗಿಕೊಂಡಳು.

ತಮ್ಮನ ಮನೆಯ ತುಂಬ ಗುಡುಗತ್ತೆಯೇ. ಗೋಡೆಯ ಚೌಕಟ್ಟುಗಳಲ್ಲಿ, ಕಾಫಿ ಲೋಟದ ಮೇಲೆ, ಕಾಲೊರಸಿನ ಮೇಲೆ ಕೂಡ. ಅವನು ಇಳಿಜಾರು ಮೇಜಿನ ಮುಂದೆ ಕೂತಿದ್ದ. ಅವನ ಹೆಂಡತಿ ‘ಬನ್ನಿ ಅತ್ತಿಗೆ’ ಎಂದು ಕುರ್ಚಿ ಎಳೆದಳು. ಟೈಲರಮ್ಮ ಕೂರಲಿಲ್ಲ.

‘ಏನೋ, ಅವರಾಗೇ ಹತ್ತಿಸ್ತೀವಿ ಅಂದ್ರೆ ಬೇಡ ಅಂದೆಯಂತೆ?’

ಯಾವುದರ ಮಾತು ಎಂದು ಅವನು ಕೇಳಲಿಲ್ಲ. ಅಷ್ಟರಿಂದಲೇ ಅವನ ತಪ್ಪು ಅವನಿಗೆ ಗೊತ್ತಿತ್ತೆಂದು ತಿಳಿಯುತ್ತದೆ. ಕನ್ನಡಕ ತೆಗೆದು ಒರೆಸಿದ. ‘ಹಾಗಲ್ಲ ಅಕ್ಕ. ಅವಳೂ ಹತ್ತಿಬಿಟ್ರೆ ಕತೆ ಎಲ್ಲಿ ಉಳೀತು? ಮಕ್ಕಳು ಎಷ್ಟು ದೂರ ಹೋದ್ರೂ ವಾಪಸ್ ಬರೋಕೆ ಕೆಳಗೆ ಒಬ್ರು ಬೇಕಲ್ಲ. ಅವಳೇ ಅವರ ಮನೆ.’

‘ಮಾತು ಚೆನ್ನಾಗಿದೆ. ಯಾರಾದ್ರೂ ಪೇಪರಿನೋರು ಬಂದ್ರೆ ಹೇಳು, ಬರ್ಕೊಳ್ತಾರೆ. ನನ್ನ ಕಿವಿ ಮೇಲೆ ಹೂ ಇಡಬೇಡ.’

‘ಅಕ್ಕ, ಅದೊಂದು ಕಾಮಿಕ್ಸು. ಅವಳು ನೀನಲ್ಲ.’

‘ನಾನಲ್ವಾ? ಹಾಗಾದ್ರೆ ಊರೆಲ್ಲ ಯಾರನ್ನೋ ಕರೆಯೋದು ಗುಡುಗತ್ತೆ ಅಂತ? ನೀನು ದುಡಿದ ಹೆಸರು ನಿನಗೆ, ಬೈಗುಳದ ಹೆಸರು ನನಗೆ. ಇರಲಿ, ಅದನ್ನೂ ನುಂಗಿದೆ. ಬರೆಯೋದೇ ಬರೆದೆ, ಕೈಯನ್ನಾದ್ರೂ ಸರಿಯಾಗಿ ಬರೆಯೋಕೆ ನಿನಗೇನಾಗಿತ್ತು ರೋಗ?’

‘ಯಾವ ಕೈ?’

‘ಕತ್ತರಿ ಹಿಡಿಯೋ ಕೈ.’

ಅವನು ಗೋಡೆ ನೋಡಿದ, ಅಕ್ಕನನ್ನು ನೋಡಿದ. ‘ನೀನು ಎಡಚಿ ಅಲ್ವಾ?’

ಅವನ ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಟೈಲರಮ್ಮ ಮುಂದಕ್ಕೆ ಬಂದಳು. ಮೇಜಿನ ಮೇಲಿದ್ದ ಕತ್ತರಿಯನ್ನು ಬಲಗೈಗೆ ತೆಗೆದುಕೊಂಡು, ಪಕ್ಕದಲ್ಲಿದ್ದ ಖಾಲಿ ಹಾಳೆಯನ್ನು ಈ ತುದಿಯಿಂದ ಆ ತುದಿಗೆ ಸರ್ರನೆ ಕತ್ತರಿಸಿದಳು. ಎರಡು ತುಂಡನ್ನೂ ಅವನ ಮುಂದೆ ಇಟ್ಟಳು.

‘ಈ ಕೈ ನಿನಗೆ ತಿನ್ನಿಸಿದ್ದು. ಈ ಕೈ ನಿನ್ನ ತಲೆ ಬಾಚಿದ್ದು. ಈ ಕೈಯಲ್ಲೇ ನೀನು ಏಟೂ ತಿಂದಿದ್ದೀಯ. ಅದೂ ನೆನಪಿಲ್ಲ ನಿನಗೆ.’ ಅಷ್ಟು ಹೇಳಿ ಹೊರಟುಬಿಟ್ಟಳು. ಬಸ್ಸಿನಲ್ಲಿ ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವನು ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಮಂಡಿನೋವಿಗೆ ಮುಖ ಕಿವುಚಿಕೊಂಡಿತ್ತು. ‘ರಾತ್ರಿಯೆಲ್ಲ ನಿದ್ದೆ ಬರಲಿಲ್ಲ’ ಎಂದ.

‘ಪಾಪ. ನನಗೆ ಬಾರದ್ದು ಎಷ್ಟು ವರ್ಷವಾಯ್ತು ಕೇಳು.’

ಅವನು ಮಷೀನಿದ್ದ ಹಿಂದಿನ ಕೋಣೆಗೆ ಹೋಗಿ ಬೀರುವಿನ ಬಾಗಿಲು ತೆಗೆದ, ನೇತುಹಾಕಿದ್ದ ಬಟ್ಟೆಗಳನ್ನು ಒಂದು ಕಡೆ ನೂಕಿದ, ಗೋಡೆ ಹಿಡಿದುಕೊಂಡು ಬಗ್ಗಿ, ಆ ವಯಸ್ಸಿನಲ್ಲಿ, ಒಳಗೆ ಹೊಕ್ಕು ಕೂತ. ಕನ್ನಡಿಯ ಬಾಗಿಲನ್ನು ಅರ್ಧ ಎಳೆದುಕೊಂಡ. ‘ಅಕ್ಕ, ಮಷೀನಿನ ಮುಂದೆ ಕೂತ್ಕೋ. ಏನಾದ್ರೂ ಕತ್ತರಿಸು.’

‘ತಲೆ ಕೆಟ್ಟಿದೆಯಾ?’

‘ಕೂತ್ಕೋ ಮಾರಾಯ್ತಿ, ದಮ್ಮಯ್ಯ.’

ಅವಳು ಕೂತು, ಗೊಣಗುತ್ತಲೇ ಕೋಟಿನ ತೋಳಿಗೆ ಕತ್ತರಿ ಹಾಕಿದಳು. ಬೀರುವಿನೊಳಗಿಂದ ಅವನ ದನಿ ಬಂತು. ‘ಎಡಗೈ.’

ಎದ್ದು ಹೋಗಿ ನೋಡಿದಳು. ಮುದುಕ ಬಟ್ಟೆಗಳ ನಡುವೆ ಮುದುರಿ ಕೂತು ಬಾಗಿಲಿನ ಕನ್ನಡಿಯನ್ನೇ ನೋಡುತ್ತಿದ್ದ. ಅಲ್ಲಿಂದ ಮಷೀನು ನೇರ ಕಾಣುವುದಿಲ್ಲ, ನಡುವೆ ಇನ್ನೊಂದು ಬಾಗಿಲು ಅಡ್ಡ. ಕನ್ನಡಿಯಲ್ಲಿ ಮಾತ್ರ ಎಲ್ಲವೂ ಕಾಣುತ್ತದೆ, ಎಡಬಲ ತಿರುಗಿ.

‘ಇಲ್ಲೇ ಕೂತು ನಿನ್ನನ್ನ ಬರೀತಿದ್ದೆ’ ಎಂದ. ‘ಎದುರಿಗೆ ಬಂದ್ರೆ ನೀನು ಬೈತಿದ್ದೆ. ಹೆದರಿಕೆ ಆಗ್ತಿತ್ತು. ಕನ್ನಡೀಲಿ ನೋಡಿದ್ರೆ ನಿನಗೆ ಗೊತ್ತಾಗ್ತಿರ್ಲಿಲ್ಲ. ಆಮೇಲೆ ನನ್ನ ಹಳೇ ಚಿತ್ರಾನೇ ನೋಡ್ಕೊಂಡು ಹೊಸದನ್ನ ಬರೆದೆ. ಅದನ್ನ ನೋಡ್ಕೊಂಡು ಇನ್ನೊಂದು. ನಿನ್ನನ್ನ ನೇರವಾಗಿ ನೋಡಿದ್ದೇ ಇಲ್ಲ ಅಕ್ಕ.’

ಟೈಲರಮ್ಮ ಅಷ್ಟಕ್ಕೆ ಕರಗುವ ಆಸಾಮಿಯಲ್ಲ. ‘ಸರಿ, ಕೈಗೆ ಕನ್ನಡಿ ಕಾರಣ. ಹತ್ತಿಸಿಕೊಳ್ಳದೇ ಇದ್ದದ್ದಕ್ಕೆ? ಅದಕ್ಕೂ ಕನ್ನಡೀನೇ ಕಾರಣವೇನೋ?’

ಅವನು ತಲೆ ತಗ್ಗಿಸಿದ. ಈ ಸಲ ಚಂದದ ಮಾತು ಬರಲಿಲ್ಲ. ‘ಇಲ್ಲ. ಅದು ನಾನೇ. ನಿನ್ನ ದನಿ ಕೇಳದೇ ಇರೋ ಕಡೆ ಹೋಗಬೇಕು ಅನ್ನಿಸ್ತಿತ್ತು. ಅದಕ್ಕೇ ಬೀರು ಹಾರ್ತಿತ್ತು. ನೀನೂ ಹತ್ತಿಬಿಟ್ರೆ ಹಾರಿ ಏನು ಪ್ರಯೋಜನ ಅಂತ.’

ಇದನ್ನು ಕೇಳಲಿಕ್ಕೇ ಅವಳು ಇಷ್ಟು ವರ್ಷ ಕಾದಿದ್ದಳೋ ಏನೋ. ಕೇಳಿದ ಮೇಲೆ ಕೆಂಡಾಮಂಡಲವಾದಳು.

‘ಹೋಗಬೇಕು ಅಂತ ನಿನಗೊಬ್ಬನಿಗೇ ಅನ್ನಿಸ್ತಿತ್ತು ಅಂದ್ಕೊಂಡಿದ್ದೀಯ? ನನಗೂ ಅನ್ನಿಸ್ತಿತ್ತು ಕಣೋ. ನಿನಗಿಂತ ಹೆಚ್ಚು ಅನ್ನಿಸ್ತಿತ್ತು. ಬೆಳಗಾದ್ರೆ ಕಾಜಾ, ಕತ್ತಲಾದ್ರೆ ಕಾಜಾ. ಈ ಬೀರು ನಿಜವಾಗಿ ಹಾರೋ ಹಾಗಿದ್ರೆ ನಿನಗಿಂತ ಮುಂಚೆ ನಾನು ಹತ್ತಿರ್ತಿದ್ದೆ. ಹತ್ತಲಿಲ್ಲ. ನಾನು ಹತ್ತಿದ್ರೆ ನಿನ್ನ ಗತಿ ಏನಾಗ್ತಿತ್ತು?’

‘ನೀನು ಒಂದು ದಿನಾನೂ ಹೇಳಲಿಲ್ವಲ್ಲ ಅಕ್ಕ.’

‘ಹೇಳೋಣ ಅಂದ್ರೆ ನೀನು ಬೀರುವಿಂದ ಈಚೆಗೆ ಬಂದಿದ್ಯಾ?’

ಅವನು ಎದ್ದು ಬರಲು ನೋಡಿದ, ಆಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಎರಡು ಸಲ ಪ್ರಯತ್ನಪಟ್ಟು, ಹ್ಯಾಂಗರಿನ ಕೋಟೊಂದನ್ನು ತಲೆಯ ಮೇಲೆ ಬೀಳಿಸಿಕೊಂಡು ಮತ್ತೆ ಕುಸಿದ. ಟೈಲರಮ್ಮ ನಿಟ್ಟುಸಿರು ಬಿಟ್ಟು ಬಗ್ಗಿ ಕೈ ಚಾಚಿದಳು. ಅವನು ಹಿಡಿದುಕೊಂಡ. ಹಿಡಿದುಕೊಂಡವನು ಏಳದೆ ಆ ಕೈಯನ್ನೇ ನೋಡುತ್ತ ಕೂತ. ಹೆಬ್ಬೆರಳ ಬುಡದಲ್ಲಿ ಕತ್ತರಿ ಒತ್ತಿ ಒತ್ತಿ ಕಲ್ಲಿನಂತಾದ ಚರ್ಮವನ್ನು ಬೆರಳಿಂದ ಮುಟ್ಟಿ ನೋಡಿದ.

‘ಏನು ಅಳತೆ ತಗೋತಿದ್ದೀಯ? ಏಳು’ ಎಂದು ಅವಳು ಎಳೆದು ಹೊರಗೆ ಹಾಕಿದಳು.

ಬಾಗಿಲ ಬಳಿ ಅವನು ನಿಂತು ಹೇಳಿದ, ‘ಸಿನಿಮಾ ಮುಗೀತಾ ಬಂದಿದೆ. ನೋಡ್ತೀನಿ.’

‘ನೋಡ್ತೀನಿ ಅನ್ನೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಬೀರು ಅಂತೂ ಕೊಡಲ್ಲ’ ಎಂದು ಅವಳು ಮಷೀನು ತುಳಿಯತೊಡಗಿದಳು.

ಕೊಡಲೂ ಇಲ್ಲ. ನಿರ್ದೇಶಕಿ ಮತ್ತೆರಡು ಸಲ ಫೋನು ಮಾಡಿದಳು, ಇವಳು ಸೊಪ್ಪು ಹಾಕಲಿಲ್ಲ. ಹತ್ತಿಸಿದರೋ ಎಂದು ಇವಳು ಬಾಯಿಬಿಟ್ಟು ಕೇಳಲಿಲ್ಲ, ಅವಳು ಹೇಳಲಿಲ್ಲ. ಸಿನಿಮಾದ ಮೊದಲ ದಿನ ಥಿಯೇಟರಿನ ಬಾಗಿಲಲ್ಲಿ ಪ್ಲೈವುಡ್ಡಿನ ಬೀರು ನಿಂತಿತ್ತು. ಟೈಲರಮ್ಮ ಅದರ ಬಾಗಿಲು ತೆಗೆದು ನೋಡಿದಳು. ಕನ್ನಡಿಯೂ ಇಲ್ಲ, ಕರ್ಮವೂ ಇಲ್ಲ. ‘ಅಪ್ಪ ನೋಡಿದ್ರೆ ಒಲೆಗೆ ಹಾಕ್ತಿದ್ದ’ ಎಂದು ತಮ್ಮನಿಗೆ ಕೇಳುವಂತೆ ಹೇಳಿ ಒಳಗೆ ನಡೆದಳು. ಬೇಕೆಂದೇ ಸಾಲಿನ ತುದಿಯ ಸೀಟು ಹಿಡಿದಳು. ನಡುವೆ ಎದ್ದು ಹೋಗಲು ಸಲೀಸು. ತಮ್ಮ ಪಕ್ಕದಲ್ಲಿ ಕೂತ.

ಮಧ್ಯಾಹ್ನದ ಆಟ, ಥಿಯೇಟರಿನ ತುಂಬ ಮಕ್ಕಳು. ಬೀರು ಹಾರಿತು, ಬಿರುಗಾಳಿಗೆ ಸಿಕ್ಕಿತು, ಕಳ್ಳರ ಹಡಗಿನ ಮೇಲೆ ಬಿತ್ತು, ಮೇಕೆ ನಾಯಕನ ಟೋಪಿ ತಿಂದಿತು. ಗುಡುಗತ್ತೆ ಬಂದಾಗಲೆಲ್ಲ ಮಕ್ಕಳು ‘ಇಳೀರೋ ಕೆಳಗೆ’ ಎಂದು ಅವಳ ಜೊತೆಗೇ ಕೂಗಿದವು. ಟೈಲರಮ್ಮ ಹಲ್ಲು ಕಚ್ಚಿ ಕೂತಿದ್ದಳು. ಕೊನೆಗೆ ಎಲ್ಲರೂ ಮನೆಗೆ ಮರಳಿ, ಒಂದು ರಾತ್ರಿ ಮಲಗಿ, ಬೆಳಗಾಗುತ್ತಲೇ ಮತ್ತೆ ಬೀರುವಿಗೆ ನುಗ್ಗಿದರು. ಸೂರು ಹಾರಿತು. ಬೀರು ಮೇಲೆ ಹೋಗಿ ಚುಕ್ಕಿಯಾಯಿತು. ಗುಡುಗತ್ತೆ ನೆಲದ ಮೇಲೆ ನಿಂತು ಎಡಗೈಯ ಕತ್ತರಿ ಝಾಡಿಸಿದಳು. ಥಿಯೇಟರ್ ಗೊಳ್ಳೆಂದಿತು.

‘ಇಷ್ಟೇ ಅಂತ ಗೊತ್ತಿತ್ತು’ ಎಂದು ಟೈಲರಮ್ಮ ಚೀಲ ಎತ್ತಿಕೊಂಡು ಎದ್ದಳು. ತಮ್ಮ ಅವಳ ತೋಳು ಹಿಡಿದ. ‘ಇನ್ನೊಂದು ಚೂರು, ಅಕ್ಕ.’

ತೆರೆಯ ಮೇಲೆ ಬಣ್ಣಗಳು ಕರಗಿ ಹೋಗಿದ್ದವು. ಉಳಿದದ್ದು ಪೆನ್ಸಿಲ್ಲಿನ ಗೆರೆಗಳು. ಅಲ್ಲಲ್ಲಿ ನಡುಗುತ್ತಿದ್ದವು, ಯಾವ ಕಂಪ್ಯೂಟರೂ ಬರೆದ ಗೆರೆಯಲ್ಲ. ಮೇಲಿದ್ದ ಚುಕ್ಕಿ ದೊಡ್ಡದಾಗುತ್ತ ಕೆಳಗೆ ಬಂತು. ಬೀರು ಅಂಗಳದಲ್ಲಿ ಇಳಿಯಿತು. ಬಾಗಿಲು ತೆರೆಯಿತು. ಹುಡುಗ ಬಗ್ಗಿ ಕೈ ಚಾಚಿದ. ಗುಡುಗತ್ತೆ ಪೀಪಾಯಿಯಂತಿರಲಿಲ್ಲ, ಕಡ್ಡಿಯಂತಿದ್ದಳು. ಕತ್ತರಿಯನ್ನು ನೋಡಿದಳು, ಅದನ್ನು ನೆಲದ ಮೇಲೆ ಇಟ್ಟಳು, ಬಲಗೈ ಚಾಚಿದಳು. ಹೆಬ್ಬೆರಳ ಬುಡದಲ್ಲಿ ಒಂದು ಗಂಟು ಕಾಣುತ್ತಿತ್ತು. ಹುಡುಗ ಆ ಕೈಯನ್ನು ನೋಡಿ, ಎರಡೂ ಕೈಯಿಂದ ಹಿಡಿದುಕೊಂಡು ಎಳೆದುಕೊಂಡ.

ಮಕ್ಕಳ ಗಲಾಟೆ ಗಪ್ಪನೆ ನಿಂತಿತು. ಮುಂದಿನ ಸಾಲಿನಲ್ಲಿ ಯಾವುದೋ ಪುಟ್ಟ ದನಿ, ‘ಅಮ್ಮಾ, ಅತ್ತೆ ಹತ್ತಿದ್ಳು’ ಎಂದಿತು.

ಟೈಲರಮ್ಮ ನಿಂತೇ ಇದ್ದಳು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ತೆರೆಯಿಂದ ಕಣ್ಣು ತೆಗೆಯದೆ ಕೇಳಿದಳು, ‘ಬಲಗೈ ಯಾವುದು ಅಂತ ಈಗ ಗೊತ್ತಾಯ್ತೇನೋ?’

‘ಗೊತ್ತಾಯ್ತಕ್ಕ.’

‘ತಡವಾಯ್ತು’ ಎಂದಳು. ಅವಳಿಗೆ ಸಿಟ್ಟು ಇನ್ನೂ ಇತ್ತು, ಅಷ್ಟು ವರ್ಷದ್ದು ಒಂದು ಮಧ್ಯಾಹ್ನಕ್ಕೆ ಇಳಿಯುವುದಿಲ್ಲ.

ಹಿಂದಿನ ಸಾಲಿನವನೊಬ್ಬ ಅವಳ ಬೆನ್ನು ತಟ್ಟಿ, ಬೀರು ಮೇಲೇಳೋದು ಕಾಣಿಸ್ತಿಲ್ಲ, ಸ್ವಲ್ಪ ಕೂತ್ಕೊಳ್ಳಿ ಅಮ್ಮಾ ಎಂದ. ಅವಳು ತಿರುಗಿ ಅವನ ಮುಖಕ್ಕೆ ಹೊಡೆದಂತೆ ಹೇಳಿದಳು:

‘ಕೂರಲ್ಲ. ಈಗ ತಾನೇ ಹತ್ತಿದ್ದೀನಿ.’